ಹೆಣ್ಣು ಮೊಲಕ್ಕೆ ಝೀರೋ ಟಿಕೆಟ್

ರಾತ್ರಿ ನಮ್ಮೂರಿಗೆ ಬರುವ ಕೆಂಪು ಬಸ್ಸು ಇಲ್ಲೇ ಹಾಲ್ಟ್. ಡ್ರೈವರ್, ಕಂಡಕ್ಟರ್ ಬಸ್ಸಲ್ಲೇ ಮಲಗಿ ಬೆಳಿಗ್ಗೆ ಕೊಪ್ಪಕ್ಕೆ ಹೊರಡುತ್ತಾರೆ. ಎರಡನೇ ಕ್ಲಾಸಿನ ನನ್ನ ಮಗಳ ಪ್ರಕಾರ ಅವರು ಮಲಗುವುದೇ ಇಲ್ಲ. ಊರು ನಿದ್ದೆ ಹೋದ ಮೇಲೆ ಕಾಡಿನ ಪ್ರಾಣಿಗಳನ್ನು ಹತ್ತಿಸಿಕೊಂಡು ಒಂದು ಟ್ರಿಪ್ ಹೊಡೆಯುತ್ತಾರೆ. ಇದನ್ನೇ ಶಾಲೆಯಲ್ಲೂ ಹೇಳಿದ್ದಾಳೆ. 'ಸುಳ್ಳು ಹೇಳುವುದು ಜಾಸ್ತಿಯಾಗಿದೆ, ಗಮನಿಸಿ' ಎಂದು ಡೈರಿಯಲ್ಲಿ ಬರೆದು ಕಳಿಸಿದರು.

ತುಂಬಾ ಬೇಜಾರಾಯಿತು. ಸುಳ್ಳು ಹೇಳುವವರಿಗೆ ಅದರಿಂದ ಏನೋ ಆಗಬೇಕಾಗಿರುತ್ತೆ, ಅಲ್ವಾ? ಮುಳ್ಳುಹಂದಿಯನ್ನು ಬಸ್ಸು ಹತ್ತಿಸಿ ಈ ಮಗುವಿಗೆ ಆಗಬೇಕಾದ್ದೇನು?

ಆ ವಾರವೇ ಮಳೆ ಹಿಡಿದು ಶಾಲೆಗೆ ರಜೆ ಕೊಟ್ಟರು. ಕರೆಂಟೂ ಇಲ್ಲ. ಜಗಲಿಯಲ್ಲಿ ಕೂತು, "ಬಸ್ಸಿನ ಕಥೆ ಹೇಳು ಪುಟ್ಟಿ, ನಾನು ಬರ್ಕೋತೀನಿ" ಅಂದೆ.

"ಮೊದಲು ಎರಡು ಮೊಲ ಹತ್ತಿದ್ವು. ಗಂಡು ಮೊಲ ನೆಲ್ಲಿಕಾಯಿ ಕೊಟ್ಟು ಟಿಕೆಟ್ ತಗೊಂಡ್ತು. ಹೆಣ್ಣು ಮೊಲಕ್ಕೆ ಝೀರೋ ಟಿಕೆಟ್."

2023ರ ಜೂನಿನಲ್ಲಿ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದಾಗಿನಿಂದ ನಾನು ಆಧಾರ್ ತೋರಿಸಿ ಝೀರೋ ಟಿಕೆಟ್‌ನಲ್ಲಿ ಓಡಾಡುವುದನ್ನು ನೋಡುತ್ತಾ ಬೆಳೆದವಳು ಅವಳು.

"ಮೊಲ ಆಧಾರ್ ಎಲ್ಲಿಟ್ಕೊಂಡಿತ್ತು?"

"ಕಿವಿ ಒಳಗೆ."

ಮುಳ್ಳುಹಂದಿ ಮಾತ್ರ ನಿಂತೇ ಬಂತಂತೆ. ಸೀಟು ಹರಿಯುತ್ತೆ ಅಂತ ಕಂಡಕ್ಟರ್ ಮಾಮ ಕೂರೋಕೆ ಬಿಡಲಿಲ್ಲ. ಅದರ ಹಿಂದೆ ಯಾರೂ ನಿಲ್ಲಲೂ ಇಲ್ಲ.

ಅವಳು ಹೇಳಿದ ಹಾಗೇ ಬರೆದೆ. 'ಹೀಗೆಲ್ಲ ಆಗುತ್ತಾ' ಅಂತ ಕೇಳಲಿಲ್ಲ, 'ಆಮೇಲೆ?' ಅಂತಷ್ಟೇ ಕೇಳಿದೆ. ಈ ವಯಸ್ಸಿನ ಮಕ್ಕಳು ಒಂದು ಒತ್ತಕ್ಷರ ಬರೆಯುವಷ್ಟರಲ್ಲಿ ಕಥೆ ಘಾಟಿ ಇಳಿದಿರುತ್ತೆ. ಅದಕ್ಕೇ ಮೊದಮೊದಲು ದೊಡ್ಡವರು ಬರೆದುಕೊಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದು ಮಗ್ಗುಲು ಖಾಲಿಯಿದ್ದ ಹಾಳೆಗಳನ್ನು ಮಡಚಿ, ದಬ್ಬಳದಲ್ಲಿ ಚುಚ್ಚಿ ನೂಲು ಹಾಕಿದೆ. ಚಿತ್ರ ಅವಳದೇ. ರಟ್ಟಿನ ಮೇಲೆ 'ಮುಳುಹಂದಿ ಬಸ್ಸು' ಅಂತ ತಾನೇ ಬರೆದು, ಕೆಳಗೆ ತನ್ನ ಹೆಸರು ಹಾಕಿದಳು. ಬಿಟ್ಟುಹೋದ ಒತ್ತನ್ನು ನಾನು ತಿದ್ದಲಿಲ್ಲ.

ಸಂಜೆ ಮಳೆ ಸ್ವಲ್ಪ ಬಿಟ್ಟಿತು. ಬಸ್ಸು ಬಂದದ್ದೇ ತಡ, ಪುಸ್ತಕ ಹಿಡಿದು ಓಡಿದಳು. ಕಂಡಕ್ಟರ್ ಲೈಟ್ ಹಾಕಿಸಿಕೊಂಡು ಮುಂದಿನ ಸೀಟಲ್ಲಿ ಕೂತು ಪೂರ್ತಿ ಓದಿದರು. ಆ ಪುಣ್ಯಾತ್ಮರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಓದಿ ಮುಗಿಸಿ, "ಎಲ್ಲಾ ಸರಿ ಮೇಡಂ. ಮುಳ್ಳುಹಂದಿ ಟಿಕೆಟ್‌ಗೆ ಏನು ಕೊಡ್ತು? ಅದೇ ಬರೆದಿಲ್ವಲ್ಲ" ಅಂದರು.

ಮುಳ್ಳುಹಂದಿ ಏನು ತಿನ್ನುತ್ತೆ ಅಂತ ಗೊತ್ತಾದರೆ ತಾನೇ ಟಿಕೆಟ್ಟಿಗೆ ಏನು ಕೊಡುತ್ತೆ ಅಂತ ಬರೆಯೋದು! ಮಾರನೇ ದಿನ ಪಂಚಾಯಿತಿ ಲೈಬ್ರರಿಗೆ ಹೋದೆವು. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಗೊತ್ತೇ ಇಲ್ಲ, ದಯವಿಟ್ಟು ಕೇಳಿ ನೋಡಿ. ಪುಸ್ತಕ ತೆಗಿ ಅಂದರೆ ಮುಖ ತಿರುಗಿಸುತ್ತಿದ್ದವಳು ಪ್ರಾಣಿಗಳ ಪುಸ್ತಕ ಹಿಡಿದು, ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದಳು. ಗೆಡ್ಡೆ, ಬೇರು, ತೊಗಟೆ. ಜಿಂಕೆ ಉದುರಿಸಿದ ಕೊಂಬನ್ನೂ ಕಡಿಯುತ್ತಂತೆ!

"ಅಮ್ಮಾ, ಕೊಂಬು ಕೊಟ್ಟರೆ ಕಂಡಕ್ಟರ್ ಮಾಮನ ಹತ್ರ ಚಿಲ್ಲರೆ ಇರುತ್ತಾ?"

ಎರಡನೇ ಪುಸ್ತಕ ಅಲ್ಲಿಂದಲೇ ಶುರುವಾಗಿದೆ. ಈ ಸಲ ಪೆನ್ಸಿಲ್ ಅವಳ ಕೈಯಲ್ಲಿದೆ.