ಗ್ರೂಪ್ ಫೋಟೋ ಕೆಳಗಿನ ಹೆಸರುಗಳು: ಹಳೆ ವಿದ್ಯಾರ್ಥಿ ಸಂಘದ ವೆಬ್‌ಸೈಟ್ ನನಗೆ ಕಲಿಸಿದ್ದು

ಸಣ್ಣ ಸಣ್ಣ ಸಂಘ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು, ಮಾಡಿದ್ದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಇದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಮಲೆನಾಡಿನ ಒಂದು ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಸಂಘ. ಅಲ್ಲಿ ಓದಿ, ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಇಲ್ಲೇ ನಿಂತವರು ಸೇರಿ ಕಟ್ಟಿಕೊಂಡ ಘಟಕ ಅದು. ವರ್ಷಕ್ಕೊಂದು ಸ್ನೇಹ ಸಮ್ಮಿಲನ, ಒಂದು ಗುರುವಂದನೆ, ಶಾಲೆಗೆ ಬೆಂಚು, ಪುಸ್ತಕ, ಕೆಲವು ಮಕ್ಕಳ ಫೀಸು. ಇಷ್ಟು ಅವರ ಕೆಲಸ.

ಮೊದಲ ಸಲ ಅವರು ಹೇಳಿದ ಹಾಗೆಯೇ ಮಾಡಿಕೊಟ್ಟೆ. ಮುಖಪುಟದಲ್ಲಿ ಅಧ್ಯಕ್ಷರ ಸಂದೇಶ, ಅದರ ಕೆಳಗೆ ಧ್ಯೇಯೋದ್ದೇಶಗಳು, ದೀಪ ಬೆಳಗಿಸುವ ಫೋಟೋಗಳು ಒಂದಾದ ಮೇಲೊಂದು ಸರಿಯುವ ಪಟ್ಟಿ. ಮೂರು ತಿಂಗಳು ಬಿಟ್ಟು ನೋಡಿದರೆ ಬಂದವರೆಲ್ಲ ಹೆಚ್ಚುಕಡಿಮೆ ಸಮಿತಿಯವರೇ. ಒಂದು ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಕೇಳಿಯೇ ಬಿಟ್ಟರು. "ವಾಟ್ಸಾಪ್ ಗ್ರೂಪ್ ಇದೆಯಲ್ಲಪ್ಪಾ, ಮತ್ತೆ ಇದು ಯಾಕೆ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಯೋಚಿಸಿದೆ. ವಾಟ್ಸಾಪ್ ಇವತ್ತಿನ ಸುದ್ದಿಗೆ ಸರಿ. ಆದರೆ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಎಲ್ಲವೂ ಮುಳುಗಿ ಹೋಗುತ್ತದೆ. ಒಂದು ಗ್ರೂಪಿಗೆ ಬಹಳ ಕಾಲ 256 ಜನರ ಮಿತಿ ಇತ್ತು, ಈಗ 1024. ಹಾಗಾಗಿ ಬ್ಯಾಚಿಗೊಂದು ಗ್ರೂಪ್ ಆಗಿಬಿಟ್ಟಿತ್ತು. ಒಂದೇ ಕಾರ್ಯಕ್ರಮದ ಸಮಯ ಒಂದು ಗ್ರೂಪಿನಲ್ಲಿ ಹತ್ತು ಗಂಟೆ, ಇನ್ನೊಂದರಲ್ಲಿ ಹತ್ತೂವರೆ. ಯಾವ ಗ್ರೂಪಿನಲ್ಲೂ ಇಲ್ಲದವರಿಗೆ ಸಂಘ ಇದೆ ಅನ್ನುವುದೇ ಗೊತ್ತಿಲ್ಲ. ವಾಟ್ಸಾಪ್ ಉಳಿಸಿಕೊಳ್ಳದ್ದನ್ನು ಉಳಿಸಿಕೊಳ್ಳುವುದೇ ಈ ವೆಬ್‌ಸೈಟಿನ ಕೆಲಸ ಅಂತ ಆವತ್ತು ನಿರ್ಧರಿಸಿದೆ.

ಮುಖಪುಟದಿಂದ ಸಂದೇಶ, ಸರಿಯುವ ಫೋಟೋ ಎಲ್ಲ ತೆಗೆದೆವು. ಮುಂದಿನ ಕಾರ್ಯಕ್ರಮ ಯಾವತ್ತು, ಎಲ್ಲಿ, ಸದಸ್ಯರಾಗುವುದು ಹೇಗೆ, ಯಾರಿಗೆ ಫೋನ್ ಮಾಡಬೇಕು. ಇವಿಷ್ಟೇ ದೊಡ್ಡ ಅಕ್ಷರದಲ್ಲಿ. ನಂಬರಿನ ಮೇಲೆ ಬೆರಳಿಟ್ಟರೆ ಕರೆ ಹೋಗಬೇಕು. ಸದಸ್ಯರಲ್ಲಿ ಅರವತ್ತು ದಾಟಿದವರೇ ಹೆಚ್ಚು, ಎಲ್ಲರೂ ನೋಡುವುದು ಮೊಬೈಲಿನಲ್ಲೇ. "ಬರುವ ಭಾನುವಾರ" ಅಂತ ಬರೆಯುವುದನ್ನು ನಿಲ್ಲಿಸಿದೆವು. ಆರು ತಿಂಗಳ ನಂತರ ಅದನ್ನು ಓದಿದವರು ಯಾವ ಭಾನುವಾರ ಅಂದುಕೊಳ್ಳಬೇಕು? ದಿನ, ತಾರೀಖು, ಇಸವಿ ಮೂರೂ ಇರಲೇಬೇಕು. ಮುಗಿದ ಕಾರ್ಯಕ್ರಮ ತಾನಾಗಿಯೇ ಕೆಳಗೆ ಹೋಗುವಂತೆ ಮಾಡಿದೆ. ಎರಡು ವರ್ಷ ಹಿಂದಿನ ಆಹ್ವಾನ ಇನ್ನೂ ಮೇಲೆ ನಿಂತಿದ್ದರೆ ನೋಡಿದವರು ಸಂಘವೇ ನಿಂತುಹೋಗಿದೆ ಅಂದುಕೊಳ್ಳುತ್ತಾರೆ, ಅಲ್ವಾ?

ಇದರಿಂದ ಫೋನ್ ಕರೆಗಳು ಕಮ್ಮಿಯಾದವು. ಆದರೆ ಜನ ನಿಜವಾಗಿ ಬರತೊಡಗಿದ್ದು ಬೇರೆ ಕಾರಣಕ್ಕೆ.

ಕಾರ್ಯದರ್ಶಿಗಳು ಒಂದು ದಿನ ಹಳೇ ಪೇಪರಿನಲ್ಲಿ ಸುತ್ತಿದ ಗ್ರೂಪ್ ಫೋಟೋ ತಂದರು. 1978ರ ಹತ್ತನೇ ಕ್ಲಾಸು. ದಪ್ಪ ರಟ್ಟಿಗೆ ಅಂಟಿಸಿದ ಕಪ್ಪುಬಿಳುಪು ಚಿತ್ರ. ಮುಂದೆ ಕುರ್ಚಿಯಲ್ಲಿ ಮೇಷ್ಟ್ರುಗಳು, ನಡುವೆ ಕೋಟು ಹಾಕಿದ ಹೆಡ್‌ಮಾಸ್ಟರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಹುಡುಗರು. ಕೆಳಗೆ ಅಚ್ಚಾದ ಹೆಸರುಗಳು: "ಕುಳಿತವರು ಎಡದಿಂದ ಬಲಕ್ಕೆ", "ನಿಂತವರು ಮೊದಲನೇ ಸಾಲು", ಕೊನೆಗೆ "ಗೈರುಹಾಜರು" ಅಂತ ಇಬ್ಬರು. ಬಲಗಡೆಯ ಮೂಲೆಯನ್ನು ಗೆದ್ದಲು ತಿಂದಿತ್ತು. ಅಲ್ಲಿ ಮೂರನೇ ಸಾಲಿನ ಕೊನೆಯ ಎರಡು ಹೆಸರು ಹೋಗಿದ್ದವು.

ಫೋಟೋ ಸ್ಕ್ಯಾನ್ ಮಾಡಿ ಹಾಕಿದರೆ ಸಾಕು ಅಂತ ಎಲ್ಲರೂ ಅಂದರು. ನಾನು ಒಪ್ಪಲಿಲ್ಲ. ಚಿತ್ರದೊಳಗಿನ ಹೆಸರನ್ನು ಗೂಗಲ್ ಸರಿಯಾಗಿ ಓದಿಕೊಳ್ಳುತ್ತದೆ ಅಂತ ನಂಬಿ ಕೂರುವಂತಿಲ್ಲ. ಅದಕ್ಕೇ ಸಾಲುಸಾಲಾಗಿ ಅಷ್ಟೂ ಹೆಸರುಗಳನ್ನು ಕೆಳಗೆ ಟೈಪ್ ಮಾಡಿದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಒಂದು ಸಂಜೆ ಪೂರ್ತಿ ಹಿಡಿಯಿತು. ನಮ್ಮ ಹೆಸರುಗಳ ಕಷ್ಟ ನಿಮಗೂ ಗೊತ್ತು. ಶಾಲೆಯ ರಿಜಿಸ್ಟರಿನಲ್ಲಿ "ನಾಗರಾಜ ಕೆ.", ಬ್ಯಾಂಕಿನಲ್ಲಿ "ಕೆ. ನಾಗರಾಜ್". ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಒಬ್ಬರು ಕೆ ಎಸ್ ಎಚ್ ಹಾಕಿ ಬರೆದರೆ ಇನ್ನೊಬ್ಬರು ಎಕ್ಸ್ ಹಾಕುತ್ತಾರೆ. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಇನಿಷಿಯಲ್ ಬದಲಾಗಿರುತ್ತದೆ, ಕ್ಲಾಸಿನ ಗೆಳತಿಯರಿಗೆ ಗೊತ್ತಿರುವುದು ಹಳೆಯದು ಮಾತ್ರ. ಹಾಗಾಗಿ ಶಾಲೆಯಲ್ಲಿದ್ದಾಗಿನ ಹೆಸರು ಮೊದಲು, ಅವರೇ ಹೇಳಿದರೆ ಮಾತ್ರ ಈಗಿನ ಹೆಸರು ಪಕ್ಕದಲ್ಲಿ. ಆ ಕ್ರಮವನ್ನು ಇವತ್ತಿಗೂ ಬಿಟ್ಟಿಲ್ಲ.

ಎರಡು ವಾರಕ್ಕೆ ಒಬ್ಬ ಹೆಣ್ಣುಮಗಳ ಫೋನ್ ಬಂತು. ತೀರಿಕೊಂಡ ತಂದೆಯ ಹೆಸರು, ಊರಿನ ಹೆಸರು ಹಾಕಿ ಹುಡುಕಿದ್ದರಂತೆ. "ಅಪ್ಪನ ಮದುವೆಗೆ ಮುಂಚಿನ ಫೋಟೋ ನಮ್ಮ ಮನೇಲಿ ಒಂದೂ ಇರಲಿಲ್ಲ ಸರ್. ಎರಡನೇ ಸಾಲಲ್ಲಿ ನಿಂತಿದ್ದಾರೆ. ಕಿವಿ ನೋಡಿದ ಕೂಡಲೇ ಗೊತ್ತಾಯ್ತು." ಅವತ್ತು ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಆಮೇಲೆ ಫೋಟೋಗಳು ತಾವಾಗಿಯೇ ಬರತೊಡಗಿದವು. ಅಟ್ಟದಿಂದ, ಟ್ರಂಕಿನಿಂದ, ಅಮ್ಮನ ಬೀರುವಿನಿಂದ. ಫೋಟೋ ಕೊಡಲು ಬಂದವರೇ ಸದಸ್ಯರೂ ಆದರು.

ಇದೇ ಹುರುಪಿನಲ್ಲಿ ಹಳೆಯ ಸ್ಮರಣ ಸಂಚಿಕೆಗಳನ್ನೂ ಹಾಕೋಣ ಅಂದೆವು. ಪ್ರೆಸ್ಸಿನವರು ಫೈಲ್ ಕೊಟ್ಟರು, ಅದು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿತ್ತು. ಹಾಗೇ ಅಂಟಿಸಿದರೆ ಕನ್ನಡ ಅನ್ನುವುದೇ ಕಾಣಲಿಲ್ಲ. ಬಾಲ, ಟೋಪಿ ಹಚ್ಚಿದ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲ ಕಂಪ್ಯೂಟರ್, ಮೊಬೈಲುಗಳೂ ಓದಬಲ್ಲ ಯೂನಿಕೋಡ್ ಸಂಕೇತಕ್ಕೆ ಬದಲಾಯಿಸಿಕೊಳ್ಳದೆ ವೆಬ್‌ಸೈಟಿನಲ್ಲಿ ಆ ಕನ್ನಡ ಬದುಕುವುದಿಲ್ಲ, ಹುಡುಕಿದರೆ ಸಿಗುವುದೂ ಇಲ್ಲ. ಬದಲಾಯಿಸುವ ತಂತ್ರಾಂಶಗಳು ಇವೆ. ಆದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಲೇಬೇಕು, ಅದರಲ್ಲೂ ಜನರ ಹೆಸರುಗಳಲ್ಲಿ.

ಇನ್ನು ತಪ್ಪಿನ ವಿಷಯ. ಮೊದಲು ನಾವು ಸದಸ್ಯರ ಪಟ್ಟಿಯನ್ನು ಮೊಬೈಲ್ ನಂಬರ್ ಸಮೇತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೆವು. ಒಂದೇ ತಿಂಗಳಲ್ಲಿ ಸೈಟು, ಇನ್ಶೂರೆನ್ಸ್ ಮಾರುವವರ ಕರೆ ಶುರುವಾಯಿತು. ಒಬ್ಬ ನಿವೃತ್ತ ಟೀಚರ್ ತುಂಬಾ ಬೇಸರದಿಂದ, "ನನ್ನನ್ನು ಕೇಳದೆ ಯಾಕೆ ಹಾಕಿದಿರಿ?" ಅಂದರು. ಅವರ ಮಾತು ನ್ಯಾಯವಾಗಿತ್ತು. ಅವತ್ತು ರಾತ್ರಿಯೇ ಪಟ್ಟಿ ತೆಗೆದೆ. ಈಗ ಹೆಸರು, ಬ್ಯಾಚು ಮಾತ್ರ ಕಾಣುತ್ತದೆ. ಯಾರಾದರೂ ಸಂಪರ್ಕ ಕೇಳಿದರೆ ಕಾರ್ಯದರ್ಶಿಗಳು ಆ ಸದಸ್ಯರನ್ನು ಕೇಳಿ, ಅವರು ಹೂಂ ಅಂದರೆ ಕೊಡುತ್ತಾರೆ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆಯೇ ಬಂತು, ಅದರ ತಳಪಾಯವೂ ಒಪ್ಪಿಗೆಯೇ.

ದುಡ್ಡಿನ ಪುಟದಲ್ಲೂ ಇಂಥದ್ದೇ ಎಚ್ಚರ ಬೇಕು. ಶಾಲೆಯ ಹೆಂಚು ಬದಲಾಯಿಸಲು ದೇಣಿಗೆ ಕೇಳಿದಾಗ ಅಮೆರಿಕದಲ್ಲಿರುವವರು ಮೊದಲು ಮುಂದೆ ಬಂದರು. ಪುಟ ಸಿದ್ಧ ಮಾಡಿ ಆಡಿಟರಿಗೆ ತೋರಿಸಿದೆವು, ಅವರು ತಡೆದರು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರು ಕಳಿಸಿದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ನಮ್ಮದಕ್ಕೆ ಎರಡೂ ಇಲ್ಲ. ಅದನ್ನೇ ಕ್ಯೂಆರ್ ಕೋಡಿನ ಮೇಲೆ ಎರಡು ಸಾಲಿನಲ್ಲಿ ಸ್ಪಷ್ಟವಾಗಿ ಬರೆದೆವು. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ವಿನಾಯಿತಿ ಇದೆ ಅಂತಲೂ ಸುಮ್ನೆ ಬರೆಯಬಾರದು, ಸಂಘಕ್ಕೆ ಆ ಮಂಜೂರಾತಿ ಸಿಕ್ಕಿರಬೇಕು.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು. ಹೆಸರು ನೋಂದಾಯಿಸಿದ್ದು ಹಿಂದಿನ ಕಾರ್ಯದರ್ಶಿಗಳ ಮಗನ ಸ್ವಂತ ಇಮೇಲಿನಲ್ಲಿ. ನಾನು ಕೆಲಸ ವಹಿಸಿಕೊಂಡಾಗ ಅದನ್ನು ಕೇಳಬೇಕಿತ್ತು, ಕೇಳಲಿಲ್ಲ. ಆ ಹುಡುಗ ಕೆಲಸಕ್ಕೆ ಹೊರದೇಶಕ್ಕೆ ಹೋದ, ಆ ಇಮೇಲ್ ನೋಡುವುದನ್ನೇ ಬಿಟ್ಟ. ನವೀಕರಣದ ನೆನಪೋಲೆಗಳೆಲ್ಲ ಅಲ್ಲೇ ಬಿದ್ದಿದ್ದವು. ಸಮ್ಮಿಲನಕ್ಕೆ ಹದಿನೈದು ದಿನ ಇರುವಾಗ ವೆಬ್‌ಸೈಟ್ ಮಾಯ. ಆಹ್ವಾನ ಪತ್ರಿಕೆಯಲ್ಲಿ ಅದೇ ವಿಳಾಸ ಅಚ್ಚಾಗಿತ್ತು.

ಡಾಟ್ ಆರ್ಗ್ ಹೆಸರಿನ ಅವಧಿ ಮುಗಿದರೆ ಕೂಡಲೇ ಬೇರೆಯವರ ಪಾಲಾಗುವುದಿಲ್ಲ. ಮಾರಿದ ಕಂಪನಿ ಸಾಮಾನ್ಯವಾಗಿ ಕೆಲವು ವಾರ ಇಟ್ಟುಕೊಂಡಿರುತ್ತದೆ. ಅಳಿಸಿದ ಮೇಲೂ ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ. ಆಮೇಲೆ 5 ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ನಾವು ಆ 30 ದಿನಗಳ ಒಳಗಿದ್ದೆವು. ಹುಡುಗನಿಗೆ ನಡುರಾತ್ರಿ ಫೋನ್ ಮಾಡಿ ಎಬ್ಬಿಸಿ, ಒಟಿಪಿ ಪಡೆದು, ಜಾಸ್ತಿ ದುಡ್ಡು ಕಟ್ಟಿ ಬಿಡಿಸಿಕೊಂಡೆವು.

ಈಗ ಡೊಮೇನ್, ಹೋಸ್ಟಿಂಗ್ (ವೆಬ್‌ಸೈಟಿನ ಫೈಲುಗಳನ್ನು ಇಡುವ ಜಾಗ) ಎಲ್ಲವೂ ಸಂಘದ ಹೆಸರಿನ ಇಮೇಲಿನಲ್ಲಿವೆ. ಪಾಸ್‌ವರ್ಡ್ ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರ ಹತ್ತಿರವೂ ಇದೆ. ನವೀಕರಣದ ತಾರೀಖು ನಡಾವಳಿ ಪುಸ್ತಕದ ಮೊದಲ ಪುಟದಲ್ಲಿದೆ. ಸಮಿತಿ ಬದಲಾದಾಗ ಪಾಸ್‌ಬುಕ್, ಸೀಲು, ರಸೀದಿ ಪುಸ್ತಕದ ಜೊತೆಗೆ ವೆಬ್‌ಸೈಟಿನ ಕೀಲಿಯನ್ನೂ ಹಸ್ತಾಂತರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಹೊಸ ಸಂಘ ಯಾವುದೇ ಬಂದರೂ ನಾನು ಬಣ್ಣ, ವಿನ್ಯಾಸ ಕೇಳುವ ಮೊದಲು ಡೊಮೇನ್ ಯಾರ ಇಮೇಲಿನಲ್ಲಿದೆ ಅಂತ ಕೇಳುತ್ತೇನೆ.

1978ರ ಫೋಟೋದಲ್ಲಿ ಗೆದ್ದಲು ತಿಂದ ಎರಡು ಹೆಸರಲ್ಲಿ ಒಂದು ಸಿಕ್ಕಿತು, ಪಕ್ಕದಲ್ಲಿ ನಿಂತಿದ್ದವರೇ ಫೋನ್ ಮಾಡಿ ಹೇಳಿದರು. ಕೊನೆಯಲ್ಲಿ ನಿಂತ, ತೋಳು ಮಡಚಿದ ಶರ್ಟಿನ ಹುಡುಗನ ಹೆಸರು ಇನ್ನೂ ಸಿಕ್ಕಿಲ್ಲ. ಆ ಜಾಗದಲ್ಲಿ "ಇವರು ಯಾರೆಂದು ಗೊತ್ತಿದ್ದರೆ ದಯವಿಟ್ಟು ತಿಳಿಸಿ" ಅಂತ ಬರೆದು, ಕಾರ್ಯದರ್ಶಿಗಳ ನಂಬರ್ ಹಾಕಿದ್ದೇನೆ.