ಅಲಸಂಡೆ ಬೇರಿನ ಗಂಟು

ಇವತ್ತು ಗದ್ದೆಯಲ್ಲಿ ಕಳೆ ಕೀಳುವಾಗ ಒಂದು ಅಲಸಂಡೆ ಬಳ್ಳಿಯೂ ಬೇರು ಸಮೇತ ಕೈಗೆ ಬಂತು. "ಹೂ ಬಿಟ್ಟದ್ದನ್ನೇ ಕಿತ್ತೆಯಲ್ಲ ಮಗಾ" ಅಂತ ಅಮ್ಮ ಬೇಜಾರು ಮಾಡಿಕೊಂಡರು.

ಬೇರಿನ ತುಂಬ ಸಣ್ಣ ಸಣ್ಣ ಗಂಟು. ಒಂದನ್ನು ಉಗುರಲ್ಲಿ ಸೀಳಿದೆ. ಒಳಗೆ ನಸುಗೆಂಪು, ನಮ್ಮ ಒಸಡಿನ ಬಣ್ಣ! ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ನೆಂಟನಾದ ಲೆಗ್‌ಹಿಮೋಗ್ಲೋಬಿನ್ ಅದು. ಒಳಗೆ ಕೂತ ರೈಜೋಬಿಯಾ ಗುಂಪಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ಹಾಗೆ ಮಾಡಿಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಅಂಶ ಕೊಟ್ಟು ಸಾಕುತ್ತದೆ.

ಬ್ಯಾಕ್ಟೀರಿಯಾ ಕೆಲಸ ಮಾಡದೆ ಸುಮ್ನೆ ತಿಂದುಕೊಂಡು ಕೂತರೆ? 2003ರಲ್ಲಿ ವಿಜ್ಞಾನಿ ಟೋಬಿ ಕಿಯರ್ಸ್ ಮತ್ತು ಜೊತೆಗಾರರು ಸೋಯಾ ಗಿಡದಲ್ಲಿ ಇದನ್ನೇ ನೋಡಿದ್ದರು. ಗಂಟುಗಳ ಸುತ್ತ ಸಾರಜನಕವೇ ಇಲ್ಲದ ಗಾಳಿ ಬಿಟ್ಟು, ಬ್ಯಾಕ್ಟೀರಿಯಾ ಕೆಲಸ ಮಾಡಲಾಗದಂತೆ ಮಾಡಿದರು. ಗಿಡ ಅಂಥ ಗಂಟುಗಳಿಗೆ ಆಮ್ಲಜನಕ ಕಡಿಮೆ ಮಾಡಿತು, ಒಳಗಿನ ಬ್ಯಾಕ್ಟೀರಿಯಾ ಅಷ್ಟಾಗಿ ಹೆಚ್ಚಲೇ ಇಲ್ಲ. ಕಣ್ಣಿಲ್ಲದ, ಮಿದುಳಿಲ್ಲದ ಗಿಡ ಇಷ್ಟು ಲೆಕ್ಕ ಇಡುತ್ತದೆ ಅಲ್ವಾ! ನನಗಂತೂ ಇದು ಬರೀ ಒಬ್ಬರನ್ನೊಬ್ಬರು ನಂಬುವುದಕ್ಕಿಂತ ದೊಡ್ಡದಾಗಿ ಕಂಡಿತು.

ಬಳ್ಳಿಯನ್ನು ಎಸೆಯಲು ಮನಸ್ಸಾಗಲಿಲ್ಲ. ಬಸಳೆ ಚಪ್ಪರದ ಬುಡದಲ್ಲಿ ಮಣ್ಣು ಮುಚ್ಚಿ ಬಂದೆ.