ಕೋಯಿ ಕೊಳದ ಕೊಳೆನೀರಿನ ದಾರಿ

ಮೈಸೂರಿನ ನಮ್ಮ ಮನೆಯ ಹಿತ್ತಿಲಲ್ಲಿರುವ ಕೋಯಿ ಕೊಳ ಸುಮಾರು 14,000 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಒಂಬತ್ತು ಮೀನುಗಳಿವೆ. ಕೊಳ ಕಟ್ಟಿಸಿದ ಮೊದಲ ಎರಡು ವರ್ಷ, ಬ್ರಷ್ಷು ಮತ್ತು ಸ್ಪಂಜುಗಳನ್ನು ಜೋಡಿಸಿದ ಒಂದು ತೊಟ್ಟಿಯೇ ನಮ್ಮ ಫಿಲ್ಟರ್ ಆಗಿತ್ತು. ತಳದ ಕಲ್ಲು ಕಾಣುವಷ್ಟು ನೀರು ತಿಳಿಯಾಗಿತ್ತು, ಆದರೆ ಮೀನಿಗೆ ವಿಷವಾದ ಅಮೋನಿಯಾದ ಪರೀಕ್ಷೆ ಮಾಡಿದಾಗಲೆಲ್ಲ ಹಳದಿಯಾಗಿ ಉಳಿಯಬೇಕಾದ ದ್ರವ ಹಸಿರಿಗೆ ತಿರುಗುತ್ತಿತ್ತು. ಒಂದು ಭಾನುವಾರ ಸ್ಪಂಜನ್ನು ಎತ್ತಿ ಹಿಂಡಿದಾಗ ಬೆರಳುಗಳ ನಡುವೆ ಇಳಿದ ಕಂದು ಕೆಸರು ಮತ್ತು ಅದರ ಕೊಳೆತ ವಾಸನೆಯಿಂದ ಕಾರಣ ಗೊತ್ತಾಯಿತು. ಕೊಳೆ ನಮ್ಮ ಕಣ್ಣಿಗೆ ಮರೆಯಾಗಿತ್ತೇ ಹೊರತು ನೀರನ್ನು ಬಿಟ್ಟು ಹೋಗಿರಲಿಲ್ಲ. ಕೊಳದ ನೀರೆಲ್ಲ ವಾರವಿಡೀ ಆ ಕೆಸರಿನ ಮೂಲಕವೇ ಹಾದು ಮೀನುಗಳ ಬಳಿಗೆ ಮರಳುತ್ತಿತ್ತು.

ಕೋಯಿ ಎಂಬುದು ಕಾರ್ಪ್ ಜಾತಿಯ ಮೀನು. ಅದಕ್ಕೆ ಜಠರವಿಲ್ಲ, ತಿಂದದ್ದು ನೇರವಾಗಿ ಕರುಳಿಗೆ ಇಳಿಯುತ್ತದೆ. ಅದು ದಿನವಿಡೀ ಸ್ವಲ್ಪಸ್ವಲ್ಪ ತಿನ್ನುತ್ತಾ ದಿನವಿಡೀ ಮಲ ವಿಸರ್ಜಿಸುತ್ತದೆ. ಅಮೋನಿಯಾದ ಬಹುಪಾಲು ಕಿವಿರುಗಳಿಂದಲೇ ಹೊರಬರುವುದರಿಂದ ಅದನ್ನು ಯಾವ ಜಾಲರಿಯೂ ತಡೆಯಲಾರದು. ಅದನ್ನು ಇಲ್ಲವಾಗಿಸುವುದು ಬ್ಯಾಕ್ಟೀರಿಯಾಗಳ ಕೆಲಸ. ಆದರೆ ಮಲ ಮತ್ತು ಉಳಿದ ಆಹಾರ ನೀರಿನಲ್ಲೇ ಕೊಳೆತರೆ ಅಮೋನಿಯಾ ಇನ್ನಷ್ಟು ಹೆಚ್ಚುತ್ತದೆ, ಜೊತೆಗೆ ಆ ಬ್ಯಾಕ್ಟೀರಿಯಾಗಳು ನೆಲೆಸಿರುವ ಜಾಗದ ಮೇಲೆ ಕೆಸರು ಕೂತು ಅವುಗಳಿಗೆ ಆಮ್ಲಜನಕ ಸಿಗದಂತೆ ಮಾಡುತ್ತದೆ. ಜಪಾನಿನ ನೀಗಾತಾ ಪ್ರಾಂತ್ಯದ ಯಾಮಾಕೋಶಿ ಬೆಟ್ಟಗಳಲ್ಲಿ ಬೇಸಿಗೆಯಲ್ಲಿ ಕೋಯಿಗಳನ್ನು ಬಿಡುವ ಮಣ್ಣಿನ ಕೊಳಗಳಲ್ಲಿ ನೀರು ಹೆಚ್ಚು, ಮೀನು ಕಡಿಮೆ. ಕೊಳೆಯನ್ನು ಅರಗಿಸಿಕೊಳ್ಳಲು ತಳದಲ್ಲಿ ಮಣ್ಣಿದೆ. ಸಿಮೆಂಟಿನ ಕೊಳಕ್ಕೆ ಆ ಭಾಗ್ಯವಿಲ್ಲ.

ಹೀಗಾಗಿ ಮೂರನೆಯ ವರ್ಷ ಡ್ರಮ್ ಫಿಲ್ಟರ್ ತರಿಸಿದೆ. ಕೊಳದ ತಳದಿಂದ ಬರುವ ನೀರು ಡ್ರಮ್ಮಿನ ಒಳಗೆ ನುಗ್ಗಿ, 60 ಮೈಕ್ರಾನ್ ಜಾಲರಿಯ ಮೂಲಕ, ಅಂದರೆ ಹೆಚ್ಚುಕಡಿಮೆ ತಲೆಗೂದಲಿನ ದಪ್ಪದ ಕಿಂಡಿಗಳ ಮೂಲಕ, ಹೊರಗಿನ ತೊಟ್ಟಿಗೆ ಬರುತ್ತದೆ. ಜಾಲರಿಗೆ ಕೊಳೆ ಮೆತ್ತಿಕೊಂಡಂತೆ ಹೊರಗಿನ ತೊಟ್ಟಿಯ ಮಟ್ಟ ಇಳಿಯುತ್ತದೆ, ನೀರಿನ ಮಟ್ಟಕ್ಕೆ ತಕ್ಕಂತೆ ತೇಲುವ ಸ್ವಿಚ್ಚು, ಅಂದರೆ ಫ್ಲೋಟ್, ಕೆಳಗೆ ಬೀಳುತ್ತದೆ, ಡ್ರಮ್ ತಿರುಗತೊಡಗುತ್ತದೆ. ಮೇಲಿನ ನಾಜಲ್‌ಗಳಿಂದ ರಭಸವಾಗಿ ಚಿಮ್ಮುವ ನೀರು ಕೊಳೆಯನ್ನು ಒಳಗಿನ ದೋಣಿಗೆ ಕೆಡವಿ ಹೊರಗೆ ಸಾಗಿಸುತ್ತದೆ. ಮೀನು ವಿಸರ್ಜಿಸಿದ್ದು ಕೆಲವೇ ಗಂಟೆಗಳಲ್ಲಿ ಕೊಳದಿಂದ ಆಚೆಗೆ ಹೋಗುವುದು ನನ್ನ ಪಾಲಿಗೆ ಈ ಯಂತ್ರದ ದೊಡ್ಡ ಗುಣ. ನಮ್ಮ ಕೊಳವೆಬಾವಿಯ ಗಡಸು ನೀರಿನಿಂದ ನಾಜಲ್‌ಗಳಿಗೆ ಸುಣ್ಣ ಕಟ್ಟುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ವಿನೆಗರ್‌ನಲ್ಲಿ ನೆನೆಹಾಕುತ್ತೇನೆ.

ಯಂತ್ರ ತಂದ ಮೊದಲ ಏಪ್ರಿಲ್‌ನಲ್ಲಿ ಒಂದು ಅವಘಡವಾಯಿತು. ಬಿಸಿಲಿಗೆ ಆವಿಯಾಗಿ ಕೊಳದ ನೀರು ನಾಲ್ಕು ಬೆರಳಿನಷ್ಟು ಇಳಿದಿತ್ತು, ನಾನು ಗಮನಿಸಿರಲಿಲ್ಲ. ಕೊಳದ ಮಟ್ಟ ಇಳಿದರೆ ಫಿಲ್ಟರ್ ತೊಟ್ಟಿಯ ಮಟ್ಟವೂ ಇಳಿಯುತ್ತದೆ. ಜಾಲರಿ ಶುಭ್ರವಾಗಿದ್ದರೂ ಫ್ಲೋಟ್ ಅದನ್ನು ಕೊಳೆಯೆಂದೇ ತಿಳಿಯುತ್ತದೆ. ಡ್ರಮ್ ತೊಳೆದುಕೊಂಡಷ್ಟೂ ನೀರು ಹೊರಹೋಯಿತು, ನೀರು ಹೋದಷ್ಟೂ ಫ್ಲೋಟ್ ಕೆಳಗೇ ಉಳಿಯಿತು. ಬೆಳಗ್ಗೆ ಎದ್ದು ನೋಡಿದರೆ ಕೊಳ ಒಂದು ಗೇಣು ತಗ್ಗಿತ್ತು. ಹೆಚ್ಚುಕಡಿಮೆ 2,000 ಲೀಟರ್ ನೀರು ಬರಿದೇ ಚರಂಡಿ ಸೇರಿತ್ತು. ಈಗ ಕೊಳದ ಗೋಡೆಯಲ್ಲೇ ಎರಡನೆಯ ಫ್ಲೋಟ್ ಇದೆ. ಕೊಳದ ಮಟ್ಟ ಗೆರೆಗಿಂತ ಇಳಿದರೆ ಅದು ತೊಳೆಯುವ ಪಂಪನ್ನು ನಿಲ್ಲಿಸಿ ಗಂಟೆ ಬಾರಿಸುತ್ತದೆ. ಡ್ರಮ್ ಫಿಲ್ಟರ್ ಇಟ್ಟವರೆಲ್ಲರೂ ಮೊದಲ ದಿನವೇ ಈ ವ್ಯವಸ್ಥೆ ಮಾಡಿಕೊಳ್ಳಬೇಕೆಂದು ಕಳಕಳಿಯಿಂದ ಹೇಳುತ್ತೇನೆ.

ಆ ಬೆಳಗ್ಗೆ ಚರಂಡಿಯತ್ತ ಹರಿದ ನೀರಿನ ಜಾಡನ್ನು ನೋಡಿ ಅಮ್ಮ, "ಅಷ್ಟೂ ನೀರನ್ನ ಮೋರಿಗೆ ಬಿಡ್ತೀಯಲ್ಲೋ, ಬಾಳೆ ಬುಡಕ್ಕೆ ತಿರುಗಿಸಬಾರದಾ?" ಎಂದರು. ಬಚ್ಚಲ ನೀರಿಗೆ ಬಾಳೆ ನೆಟ್ಟು ಬೆಳೆಸಿದ ಮನೆಯಲ್ಲಿ ಹುಟ್ಟಿದವರು ಅವರು. ಅಂದೇ ಕೊಳೆನೀರಿನ ಕೊಳವೆಗೆ ಬಕೆಟ್ ಹಿಡಿದು ಅಳೆದೆ. ಒಮ್ಮೆ ತೊಳೆಯಲು 9 ಲೀಟರ್ ಬೇಕಾಗುತ್ತಿತ್ತು, ಬೇಸಿಗೆಯಲ್ಲಿ ದಿನಕ್ಕೆ ಸುಮಾರು 24 ಬಾರಿ. ಅಂದರೆ ದಿನಕ್ಕೆ 216 ಲೀಟರ್, ವಾರಕ್ಕೆ 1,500 ಲೀಟರ್‌ಗೂ ತುಸು ಹೆಚ್ಚು. ಇದು ಕೊಳದ ಹತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ವಾರವಾರವೂ ನಾನು ಪ್ರತ್ಯೇಕವಾಗಿ ಮಾಡುತ್ತಿದ್ದ ನೀರು ಬದಲಾವಣೆಯನ್ನು ಫಿಲ್ಟರೇ ಮಾಡಿ ಮುಗಿಸುತ್ತಿತ್ತು! ಅದನ್ನು ನಷ್ಟವೆಂದು ಭಾವಿಸುವುದನ್ನು ಅಂದೇ ಬಿಟ್ಟೆ.

ಈಗ ಕೊಳೆನೀರು 500 ಲೀಟರ್‌ನ ಸಿಂಟೆಕ್ಸ್ ತೊಟ್ಟಿಗೆ ಇಳಿಯುತ್ತದೆ. ಅಲ್ಲಿಂದ ಆರು ಬಾಳೆ, ಎರಡು ನುಗ್ಗೆ ಮತ್ತು ದಾಸವಾಳದ ಸಾಲಿಗೆ ಹೋಗುತ್ತದೆ. ನೀರನ್ನು ಎರಡು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಕೊಳೆತ ಮೊಟ್ಟೆಯ ವಾಸನೆ ಬೀದಿಯವರೆಗೂ ಹೋಗುತ್ತದೆ. ತಳದ ಗಟ್ಟಿ ಕೆಸರನ್ನು ಚೊಂಬಿನಲ್ಲಿ ಮೊಗೆದು, ಬಾಳೆಯ ಬುಡದಿಂದ ಒಂದು ಮೊಳ ದೂರದಲ್ಲಿ ಒಣ ಎಲೆಯ ಕೆಳಗೆ ಸುರಿಯುತ್ತೇನೆ. ಎಲೆ ಸರಿಸಿ ನೋಡಿದರೆ ಅಲ್ಲೆಲ್ಲ ಎರೆಹುಳುಗಳು. ನಮ್ಮ ಕೊಳಕ್ಕೆ ಇಲ್ಲದ ಮಣ್ಣು ಹೀಗೆ ಕೊಳದ ಹೊರಗೆ ಸಿಕ್ಕಿದೆ.

ಉಪ್ಪಿನ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಮೀನಿಗೆ ಕಾಯಿಲೆ ಬಂದಾಗ 0.3% ಉಪ್ಪು ಹಾಕುವುದು ವಾಡಿಕೆ; ನಮ್ಮ ಕೊಳಕ್ಕೆ ಅದು 42 ಕೆಜಿಯಾಗುತ್ತದೆ. ನೀರು ಆವಿಯಾದರೂ ಉಪ್ಪು ಆವಿಯಾಗದು. ಪ್ರತಿ ಸಲ ಕಾಲು ಭಾಗದಂತೆ ಆರು ಬಾರಿ ನೀರು ಬದಲಿಸಿದ ಮೇಲೂ ಏಳೂವರೆ ಕೆಜಿಯಷ್ಟು ಉಳಿದಿರುತ್ತದೆ. ಅಷ್ಟು ದಿನವೂ ಆ ನೀರನ್ನು ಗಿಡಗಳಿಗೆ ಬಿಡುವಂತಿಲ್ಲ, ಏಕೆಂದರೆ ಬಾಳೆ ಉಪ್ಪನ್ನು ತಾಳುವುದಿಲ್ಲ ಮತ್ತು ಮಣ್ಣಿಗೆ ಸೇರಿದ ಉಪ್ಪನ್ನು ತೆಗೆಯುವುದು ಸುಲಭವಲ್ಲ. ಆದ್ದರಿಂದ ಕಾಯಿಲೆಯ ಮೀನನ್ನು 500 ಲೀಟರ್‌ನ ಬೇರೊಂದು ತೊಟ್ಟಿಗೆ ಎತ್ತಿ, ಒಂದೂವರೆ ಕೆಜಿ ಉಪ್ಪಿನಲ್ಲೇ ಚಿಕಿತ್ಸೆ ಮುಗಿಸುತ್ತೇನೆ. ಆ ತೊಟ್ಟಿಯ ನೀರು ಮಳೆನೀರಿನ ಚರಂಡಿಗೆ ಸೇರಿದರೆ ಕೆರೆಯನ್ನು ತಲುಪುತ್ತದೆ. ಅದಕ್ಕಾಗಿ ಅದನ್ನು ಒಳಚರಂಡಿಗೇ ಬಿಡುತ್ತೇನೆ. ಅದು ಖಾಲಿಯಾಗುವವರೆಗೆ ಅದರ ನಲ್ಲಿಗೆ ಒಂದು ಕೆಂಪು ಬಟ್ಟೆ ಕಟ್ಟಿರುತ್ತೇನೆ. ಅದು ಕಂಡ ದಿನ ಅಮ್ಮ ಆ ನಲ್ಲಿಯಿಂದ ಗಿಡಗಳಿಗೆ ಒಂದು ಚೊಂಬು ನೀರನ್ನೂ ಹಿಡಿಯುವುದಿಲ್ಲ.